ಅಮ್ಮ ಹೇಳಿಕೊಟ್ಟ ವಿಮಾನದ ಲೆಕ್ಕ

ನಿನ್ನೆ ಶಿವಮೊಗ್ಗದಲ್ಲಿ ಮೊದಲ ಸಲ ವಿಮಾನ ಹತ್ತಿದೆ. ಬೆಂಗಳೂರು ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ ಎಂದು ವಿಮಾನದ ಮೈಕಿನಲ್ಲಿ ಹೇಳಿದಾಗ ದುರ್ಗಿಗುಡಿಯ ನಮ್ಮ ಅಡುಗೆಮನೆ ನೆನಪಾಯಿತು.

ಗಣಿತದಲ್ಲಿ ಇನ್ನೊಮ್ಮೆ ಫೇಲಾದರೆ ಶಾಲೆ ಬಿಡಿಸುವುದಾಗಿ ಅಪ್ಪ ಹೇಳಿದ್ದರು. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ, ವಿಮಾನದ ವೇಗ ಕೊಟ್ಟು ಸಮಯ ಕೇಳುವ ಲೆಕ್ಕ ಹಿಡಿದು ಅಳುತ್ತಾ ಕೂತಿದ್ದೆ.

"ವಿಮಾನಾನೇ ನೋಡಿಲ್ಲಮ್ಮ, ಹೆಂಗೆ ಮಾಡ್ಲಿ?"

ಓದು ಬಾರದ ಅಮ್ಮ ಮಲ್ಲಿಗೆ ಕಟ್ಟುತ್ತಲೇ ಕೇಳಿದಳು: "ನಾನು ಗಂಟೆಗೆ ನಾಲ್ಕು ಮೊಳ ಕಟ್ತೀನಿ. ಹನ್ನೆರಡು ಮೊಳಕ್ಕೆ ಎಷ್ಟು ಹೊತ್ತು ಬೇಕು?"

"ಮೂರು ಗಂಟೆ."

"ವಿಮಾನಾನೂ ಅಷ್ಟೇ ಮಾರಾಯ್ತಿ, ಬರಿ."

ಆ ವರ್ಷ ಪಾಸಾದೆ. ಮುಂದೆ ಭದ್ರಾವತಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದೆ.

ನಿನ್ನೆ ವಿಮಾನ ಮೇಲೇರಿದಾಗ ಅಮ್ಮನನ್ನು ನೆನೆದು ಕೈಮುಗಿದೆ. ಪಕ್ಕದ ಹುಡುಗಿ ನನ್ನ ಮೊಣಕೈ ಹಿಡಿದು, "ಹೆದರ್ಕೋಬೇಡಿ ಅಜ್ಜಿ, ಬೇಗ ತಲುಪ್ತೀವಿ" ಎಂದಳು.