ರೈಟ್ ಹಾಕಿದ ಹದಿನೇಳು ಉತ್ತರ

ಬೆಳಗಿನ ಆರೂಕಾಲು. ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಪಕ್ಕದ ಸರ್ಕಾರಿ ಶಾಲೆಯೊಂದರ ಗೇಟಿನ ಬೀಗ ತೆಗೆಯುತ್ತಿದ್ದಾರೆ ಆಶಾರಾಣಿ ಟೀಚರ್. ಹಿಂದೆ ಆಗಲೇ ಏಳು ಮಕ್ಕಳು ನಿಂತಿದ್ದಾರೆ. ಫ್ಯಾಕ್ಟರಿಯ ಮೊದಲ ಪಾಳಿ ಏಳಕ್ಕೆ. ಒಬ್ಬ ತಾಯಿ ಮಗಳನ್ನು ಒಳಗೆ ಬಿಟ್ಟು, ‘ಮಿಸ್, ತಲೆ ಬಾಚಿಲ್ಲ’ ಎನ್ನುತ್ತಲೇ ಓಡುತ್ತಾಳೆ.

‘ಬಾಚ್ತೀನಿ ಹೋಗವ್ವ, ಬಸ್ ಹೊರಟೋಗುತ್ತೆ.’

ಶಾಲೆ ಶುರುವಾಗುವುದಕ್ಕೆ ಇನ್ನೂ ಮೂರು ಗಂಟೆ ಇದೆ. ಇಷ್ಟು ಬೇಗ ಬನ್ನಿ ಎಂದು ಅವರಿಗೆ ಯಾರೂ ಹೇಳಿಲ್ಲ. ಆರು ವರ್ಷದ ಹಿಂದೆ ಗೇಟಿನ ಹೊರಗೆ ಕಾಯುತ್ತಿದ್ದ ಹುಡುಗಿಯೊಬ್ಬಳ ಕಾಲಿನ ಮೇಲೆ ಟೆಂಪೋ ಹತ್ತಿತು. ಅವಳು ಈಗಲೂ ಕುಂಟುತ್ತಾಳೆ. ಅದರ ಮಾರನೆಯ ದಿನದಿಂದ ಬೀಗದ ಕೈ ಆಶಾರಾಣಿಯವರ ಬಳಿ ಇದೆ.

ಅವರಿಗೆ ನಲವತ್ತೇಳು ವರ್ಷ, ಸೇವೆ ಇಪ್ಪತ್ತಮೂರು ವರ್ಷ. ಒಂದೇ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿಯ ಮೂವತ್ತೆಂಟು ಮಕ್ಕಳು. ಅದರಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಹನ್ನೊಂದು. ಉಳಿದವರದು ತೆಲುಗು, ತಮಿಳು, ಹಿಂದಿ, ಒಡಿಯಾ. ಯುಗಾದಿಯ ಹೊತ್ತಿಗೆ ಎಲ್ಲರೂ ಕನ್ನಡ ಓದುತ್ತಾರೆ.

ಆದರೆ ಈ ಕೆಲಸ ಉಳಿಯುವುದು ಖಾತ್ರಿಯಿಲ್ಲ. ಈಗಿನ ನಿಯಮದಂತೆ, ಈಗಾಗಲೇ ಸೇವೆಯಲ್ಲಿದ್ದು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿ ಇರುವ ಶಿಕ್ಷಕರೂ ಗಡುವಿನೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು, ಇಲ್ಲದಿದ್ದರೆ ಕಡ್ಡಾಯವಾಗಿ ಮನೆಗೆ. ಆಶಾರಾಣಿ ಒಮ್ಮೆ ಬರೆದಿದ್ದಾರೆ. ಬೇಕಿದ್ದದ್ದು ನೂರೈವತ್ತಕ್ಕೆ ತೊಂಬತ್ತು, ಬಂದದ್ದು ಎಂಬತ್ತೊಂದು.

ಉತ್ತರ ಗೊತ್ತಿಲ್ಲದೆ ಫೇಲಾಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಕನ್ನಡ ವಿಭಾಗ ಅವರಿಗೆ ನೀರು ಕುಡಿದಷ್ಟು ಸುಲಭ. ಸರಸರ ಮಾಡುತ್ತಾ ಹೋದರು. ಪೆನ್ನು ಹಿಡಿದ ಕೈ, ಸರಿ ಉತ್ತರ ಕಂಡಾಗ ಎಷ್ಟೋ ಕಡೆ ಉತ್ತರ ಹಾಳೆಯ ವೃತ್ತ ತುಂಬುವ ಬದಲು ಅದರ ಮೇಲೆ ರೈಟ್ ಮಾರ್ಕ್ ಹಾಕಿತು. ಅಂಥವು ಹದಿನೇಳು.

‘ಇಪ್ಪತ್ಮೂರು ವರ್ಷದಿಂದ ದಿನಾ ನಲವತ್ತು ಪುಸ್ತಕಕ್ಕೆ ರೈಟ್ ಹಾಕಿರೋ ಕೈ ಸ್ವಾಮಿ ಇದು. ಬೆಲ್ ಹೊಡೆದ ಮೇಲೆ ನೋಡ್ಕೊಂಡೆ. ಎರಡು ನಿಮಿಷ ಕೊಡಿ ಅಂದೆ. ಟೈಮ್ ಆಯ್ತು ಮೇಡಂ ಅಂತ ಹಾಳೆ ಎಳ್ಕೊಂಡ್ರು. ಅವರದ್ದೂ ಡ್ಯೂಟಿ ತಾನೆ.’

ಯಂತ್ರ ರೈಟ್ ಮಾರ್ಕನ್ನು ಓದುವುದಿಲ್ಲ. ಮನೆಗೆ ಬಂದು ತಾಳೆ ನೋಡಿದರೆ ಹದಿನೇಳರಲ್ಲಿ ಹದಿನೈದು ಸರಿ ಇದ್ದವು. ಗಂಡ ನರೇಶ್ ನಕ್ಕರಂತೆ: ‘ರೈಟ್ ನೀನೇ ಹಾಕಿದ್ಮೇಲೆ ಮಾರ್ಕ್ಸೂ ನೀನೇ ಹಾಕ್ಕೊಂಡು ಬರ್ಬೇಕಿತ್ತು.’ ಆಶಾರಾಣಿಗೆ ಎರಡು ದಿನ ನಗು ಬರಲಿಲ್ಲ.

ಪರೀಕ್ಷೆಯೇ ಬೇಡ ಎನ್ನುವವರಲ್ಲ ಅವರು. ಊರಿನಲ್ಲಿ ಆ ಮಾತನ್ನು ಯಾರೂ ಒಪ್ಪುವುದೂ ಇಲ್ಲ. ಶಾಲಾ ಸಮಿತಿಯ ಅಧ್ಯಕ್ಷ ಪಾಪಯ್ಯ ನೇರವಾಗಿ ಕೇಳುತ್ತಾರೆ: ‘ಮಕ್ಳು ಬರೀಬೇಕು, ಮೇಷ್ಟ್ರು ಬರೀಬಾರ್ದಾ? ಹಿಂದೆ ಒಬ್ರು ಇದ್ರು, ಭಾಗಾಕಾರ ಬರ್ತಿರ್ಲಿಲ್ಲ ಅವರ್ಗೆ. ನನ್ ಮಗನ ಮೂರು ವರ್ಷ ಹಾಳಾಗೋಯ್ತು.’ ಮತ್ತೆ ಅವರೇ, ‘ಈಯಮ್ಮ ಹೋದ್ರೆ ಮಾತ್ರ ಕಷ್ಟ ಐತೆ ಗುರು’ ಎನ್ನುತ್ತಾರೆ.

ಇದೇ ವೃತ್ತಗಳು ಈಗ ಮೂರನೇ ತರಗತಿಗೂ ಬಂದಿವೆ. ಈ ವರ್ಷದ ಮೊದಲ ಕಲಿಕಾ ಪರೀಕ್ಷೆಯಲ್ಲಿ ಎಂಟು ವರ್ಷದ ಸಿಂಧು ಪ್ರತಿ ಪ್ರಶ್ನೆಯ ನಾಲ್ಕೂ ವೃತ್ತಗಳನ್ನು ಅಂದವಾಗಿ ತುಂಬಿ ಕೊಟ್ಟಿದ್ದಳು. ಹಾಳೆಗಳನ್ನು ಕಟ್ಟಿ ಕಳಿಸುವಾಗ ಟೀಚರ್ ಕಣ್ಣಿಗೆ ಬಿತ್ತು. ತಿದ್ದುವಂತಿರಲಿಲ್ಲ, ತಿದ್ದಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದದ್ದಕ್ಕೆ, ‘ಏನೂ ಖಾಲಿ ಬಿಡ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಮಿಸ್’ ಎಂದಳು. ಹನ್ನೆರಡರ ಮಗ್ಗಿ ತಪ್ಪದೆ ಹೇಳುವ ಹುಡುಗಿಗೆ ಸೊನ್ನೆ. ಕಲಿಕಾ ಮಟ್ಟ ಕಡಿಮೆ ಇದೆ, ಕಾರಣ ಕೊಡಿ ಎಂದು ಶಾಲೆಗೆ ಪತ್ರ ಬಂತು. ಅಂದಿನಿಂದ ದಿನಕ್ಕೆ ಅರ್ಧ ಗಂಟೆ ಕಥೆ ಹೇಳುವುದು ನಿಂತಿದೆ. ಆ ಹೊತ್ತಿನಲ್ಲಿ ಮಕ್ಕಳು ವೃತ್ತ ತುಂಬುತ್ತಾರೆ.

ಏಳು ಗಂಟೆ. ತಲೆ ಬಾಚಿ ಮುಗಿದಿದೆ. ಜಗಲಿಯಲ್ಲಿ ಟೀಚರ್ ಹಳೆಯ ಪ್ರಶ್ನೆಪತ್ರಿಕೆ ಹರಡಿಕೊಂಡು ಅಭ್ಯಾಸಕ್ಕೆ ಕೂರುತ್ತಾರೆ. ಪಕ್ಕದಲ್ಲಿ ಸಿಂಧು ಕಾವಲು.

‘ಮಿಸ್, ರೈಟ್ ಹಾಕ್ಬಿಟ್ರಿ.’

‘ಎಲ್ಲೇ?’

‘ಒಂಬತ್ತನೇದು. ಹನ್ನೊಂದೂವೆ.’

ಅವರು ಎರಡನ್ನೂ ಕಪ್ಪಗೆ ತುಂಬುತ್ತಾರೆ. ಮುಂದಿನ ಪರೀಕ್ಷೆಗೆ ಇನ್ನು ಆರು ವಾರ.

ಪಾಸಾಗದಿದ್ದರೆ? ‘ನನ್ನ ಜಾಗಕ್ಕೆ ಪಾಸಾದೋರು ಬರ್ತಾರೆ. ನನಗಿಂತ ಚೆನ್ನಾಗೇ ಪಾಠ ಮಾಡ್ಬೋದು. ಆದ್ರೆ ಅವರ ಆರ್ಡರಲ್ಲಿ ಒಂಬತ್ತೂವರೆ ಅಂತ ಇರುತ್ತೆ, ಒಂಬತ್ತೂವರೆಗೇ ಬರ್ತಾರೆ. ಅದು ಅವರ ತಪ್ಪಲ್ಲ. ಈ ಕೀ ಯಾರಿಗೆ ಕೊಡ್ಲಿ ಅಂತ ಯಾರಾದ್ರೂ ಹೇಳಿದ್ರೆ ಸಾಕು ನನಗೆ.’