ಆಕ್ಲೆಂಡಿನಿಂದ ಇಪ್ಪತ್ತಮೂರು ತಾಸು

ಯಾರಾದರೂ ದೆವ್ವ, ಅಶರೀರವಾಣಿ ಎಂದು ಕಥೆ ಶುರುಮಾಡಿದರೆ ಎದ್ದು ಹೋಗುವ ಜಾತಿ ನನ್ನದು. ಕಾಸರಗೋಡಿನಲ್ಲಿ ವಿಮಾನದ ಟಿಕೆಟ್ ಮಾಡಿಕೊಡುತ್ತ ಅರ್ಧ ಆಯುಷ್ಯ ಕಳೆದವನು ನಾನು. ಹೊರಡುವ ಹೊತ್ತು, ಮುಟ್ಟುವ ಹೊತ್ತು ಇವೆರಡನ್ನು ಹೇಳಿ ಹೇಳಿ ಸುಸ್ತಾಗಿದೆ. ಇದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸುವ ಉಮೇದೂ ನನಗಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ಎಂಟಕ್ಕೆ ನೆಕ್ರಾಜೆಯ ಮೊಯಿದುಚ್ಚ ಆಫೀಸಿಗೆ ಬಂದರು. ಅವರ ಅಕ್ಕ ನಸುಕಿನಲ್ಲಿ ತೀರಿಕೊಂಡಿದ್ದರು. ಅಕ್ಕನ ಒಬ್ಬನೇ ಮಗ ನಜೀರ್ ಹಡಗಿನ ಕೆಲಸದವನು. ತಾಯಿಗೆ ಸೀರಿಯಸ್ ಎಂದು ತಿಳಿದು ಆಕ್ಲೆಂಡಿನಲ್ಲಿ ಹಡಗಿಳಿದು, ಹಿಂದಿನ ದಿನ ಅಲ್ಲಿಯ ರಾತ್ರಿ ಒಂಬತ್ತಕ್ಕೆ ವಿಮಾನ ಹತ್ತಿದ್ದ. ಟಿಕೆಟ್ ಮಾಡಿದ್ದು ಹಡಗಿನ ಕಂಪನಿ. ಮನೆಯವರಿಗೆ ಗೊತ್ತಿದ್ದದ್ದು ಹೊರಟ ಸಮಯ ಮಾತ್ರ. ಅವನು ಫೋನಿಗೂ ಸಿಗುತ್ತಿರಲಿಲ್ಲ.

"ಮಯ್ಯತ್ತನ್ನು ತುಂಬ ಹೊತ್ತು ಇಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಅವ ಎಷ್ಟು ಗಂಟೆಗೆ ಮುಟ್ತಾನೆ, ಅದೊಂದು ಹೇಳಿ" ಎಂದರು.

ಹಲ್ಲುನೋವಿನಿಂದ ಎರಡು ದಿನ ನನಗೆ ನಿದ್ದೆಯಿರಲಿಲ್ಲ. ಆ ಹೊತ್ತಿಗೆ ಹೊರಡುವುದು ದುಬೈ ವಿಮಾನ. ದುಬೈಗೆ ಹದಿನೇಳೂವರೆ ತಾಸು, ಅಲ್ಲಿ ಎರಡು, ಮಂಗಳೂರಿಗೆ ಮೂರೂವರೆ; ಒಟ್ಟು ಇಪ್ಪತ್ತಮೂರು. ಗಲ್ಫಿನವರಿಗೆ ಹೇಳುವ ಅಭ್ಯಾಸದಲ್ಲಿ ಇನ್ನೂ ಒಂದೂವರೆ ತಾಸು ಕೂಡಿಸಿ, "ಮಂಗಳೂರಿಗೆ ಇವತ್ತು ರಾತ್ರಿ ಒಂಬತ್ತೂವರೆ" ಎಂದೆ.

"ಹಾಗಾದ್ರೆ ಕಾಯ್ಲಿಕ್ಕಿಲ್ಲ. ಮಧ್ಯಾಹ್ನದ ನಮಾಜು ಆದ ಕೂಡ್ಲೆ ದಫನ ಮಾಡ್ತೇವೆ. ಉಮ್ಮನ ಮುಖ ಕಾಣುವ ಯೋಗ ಅವನಿಗೆ ಇಲ್ಲ" ಎಂದು ಕಣ್ಣೊರೆಸಿಕೊಂಡು ಹೋದರು.

ನಾನು ಆಫೀಸಿಗೆ ಬೀಗ ಹಾಕಿ ಹಲ್ಲಿನ ಡಾಕ್ಟರರಲ್ಲಿಗೆ ಹೋದೆ. ಹನ್ನೊಂದರಿಂದ ಹನ್ನೆರಡರವರೆಗೆ ಅವರ ಕುರ್ಚಿಯಲ್ಲಿ ಬಾಯಿ ತೆರೆದು ಬಿದ್ದಿದ್ದೆ. ಹೊರಗೆ ಬಂದು ಮೆಟ್ಟಿಲಿಳಿಯುವಾಗ ತಟ್ಟನೆ ಹೊಳೆಯಿತು. ಆಕ್ಲೆಂಡಿನ ಗಡಿಯಾರ ಗಲ್ಫಿನದರಂತೆ ನಮಗಿಂತ ಹಿಂದಲ್ಲ, ಆರೂವರೆ ತಾಸು ಮುಂದೆ! ಕಳೆಯಬೇಕಾದಲ್ಲಿ ನಾನು ಕೂಡಿಸಿದ್ದೆ. ನಜೀರ್ ಮಧ್ಯಾಹ್ನ ಒಂದೂವರೆಗೇ ಮಂಗಳೂರಿನಲ್ಲಿ ಇಳಿಯುವವನು.

ಫೋನ್ ಮಾಡೋಣವೆಂದರೆ ಇಂಜೆಕ್ಷನ್ನಿಗೆ ಮರಗಟ್ಟಿದ ಬಾಯಿಯಿಂದ ಬರೀ ತೊದಲು. ರಿಕ್ಷಾ ಹಿಡಿದು ನೆಕ್ರಾಜೆಗೆ ಓಡಿದೆ. ಮುಟ್ಟುವಾಗ ಒಂದು ಗಂಟೆ ದಾಟಿತ್ತು.

ಮಯ್ಯತ್ ಮನೆಯಲ್ಲೇ ಇತ್ತು. ಮೊಯಿದುಚ್ಚ ಎದ್ದು ಬಂದರು. ನಾನು ತೊದಲುತ್ತ ಏನೋ ಹೇಳಹೊರಟೆ.

"ನೀವೇ ಬಂದದ್ದು ಎಂತಕ್ಕೆ? ಫೋನಿನಲ್ಲಿ ಹೇಳಿದ್ರಲ್ಲ, ಅವ ಮೂರಕ್ಕೆ ಮನೆಯಲ್ಲಿರ್ತಾನೆ, ಸಂಜೆಯ ಅಸರ್ ನಮಾಜಿನವರೆಗೆ ಕಾಯಿರಿ ಅಂತ. ಆಗ ಸ್ವರ ಸರಿ ಇತ್ತು, ಈಗ ಎಂತ ಆಯ್ತು?"

ಅವರು ಮೊಬೈಲ್ ತೋರಿಸಿದರು. ನನ್ನ ಆಫೀಸಿನ ಲ್ಯಾಂಡ್‌ಲೈನ್ ನಂಬರು. ಹನ್ನೊಂದು ಇಪ್ಪತ್ತಕ್ಕೆ ಬಂದ ಕರೆ. ಆಫೀಸಿಗೆ ಇರುವುದು ಒಂದೇ ಕೀಲಿಕೈ, ಅದು ನನ್ನ ಕಿಸೆಯಲ್ಲಿತ್ತು. ಸಂಜೆ ಹೋಗಿ ನೋಡಿದೆ. ಬೀಗ ಹಾಕಿದ ಹಾಗೇ ಇತ್ತು.

ನಜೀರ್ ಮೂರಕ್ಕೆ ಬಂದ. ತಾಯಿಯ ತಲೆಯ ಹತ್ತಿರ ಕೂತು ಬಹಳ ಹೊತ್ತು ಮುಖ ನೋಡಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹಡಗಿಗೆ ಮರಳುವ ಮುಂಚೆ ಅವನು ಆಫೀಸಿಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ನಿಮ್ಮಿಂದಾಗಿ ಉಮ್ಮನನ್ನು ಕಂಡೆ" ಎಂದ. ಫೋನ್ ಮಾಡಿದ್ದು ನಾನಲ್ಲ ಎನ್ನಬೇಕಿತ್ತು. ಆದರೆ ಅದನ್ನು ಹೇಳಿದರೆ, ನಿನ್ನ ತಾಯಿಯ ಮುಖ ತಪ್ಪಿಸಲು ಹೊರಟಿದ್ದವನು ನಾನು ಎಂದೂ ಹೇಳಬೇಕಾಗುತ್ತಿತ್ತು. ಸುಮ್ಮನೆ ತಲೆಯಾಡಿಸಿದೆ.

ಆ ಕರೆ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾರದೋ ಪುಣ್ಯ ನನ್ನ ಹೆಸರಿಗೆ ಬಂತು, ನಾನು ಬೇಡವೆನ್ನಲಿಲ್ಲ.