ಗುಂಡನ ಸಮ್ಮರ್ ಕಟ್

ನಮ್ಮ ಮನೆಯ ನಾಯಿ ನಮ್ಮದೇ ಹೌದಾ ಎಂದು ತೀರ್ಮಾನಿಸಲು ಕಳೆದ ಭಾನುವಾರ ಬೀದಿಯ ಏಳು ಜನ ಸೇರಬೇಕಾಯಿತು. ನಾಯಿ ಮಂಚದ ಕೆಳಗಿತ್ತು. ಅವ್ವ ಜಗಲಿಯ ಮೇಲೆ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಆರೋಪಿಯಾಗಿ.

ಗುಂಡ ಅವ್ವನ ಪಮೇರಿಯನ್. ಬೆಳ್ಳಗೆ, ದುಂಡಗೆ, ಕಣ್ಣು ಮೂಗು ಬಿಟ್ಟರೆ ಮೈಯೆಲ್ಲ ಕೂದಲು. ಎಂಟು ದಿನಕ್ಕೆಂದು ನಾಗಮಂಗಲದ ಅಕ್ಕನ ಮನೆಗೆ ಹೊರಟ ಅವ್ವ, ಬಸ್ಸು ಹತ್ತುವಾಗ ಹೇಳಿದ್ದು ಒಂದೇ ಮಾತು: “ಗುಂಡುನ್ನ ಚೆನ್ನಾಗ್ ನೋಡ್ಕಳ್ಲಾ.”

ನೋಡಿಕೊಂಡೆ. ಸ್ವಲ್ಪ ಜಾಸ್ತಿಯೇ ನೋಡಿಕೊಂಡೆ.

ನಮ್ಮ ಕೆ.ಆರ್. ಪೇಟೆಯ ಬಿಸಿಲು ನಿಮಗೆ ಗೊತ್ತಲ್ಲ. ಅವತ್ತು ಮಧ್ಯಾಹ್ನ ಕರೆಂಟೂ ಇರಲಿಲ್ಲ. ನಾನು ಬನಿಯನ್ನಿನಲ್ಲಿ ಕೂತು ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ. (ಹೌದು, ಈ ಅಂಕಣ ಇರುವ ಪುಟದಿಂದಲೇ.) ಎದುರಿಗೆ ಗುಂಡ ನಾಲಿಗೆ ಚಾಚಿಕೊಂಡು ಮಲಗಿದ್ದ. ಬನಿಯನ್ನಿನಲ್ಲೇ ನನಗೆ ಹೀಗಾದರೆ, ಸದಾ ಸ್ವೆಟರ್ ಹಾಕಿಕೊಂಡಂತಿರುವ ಈ ಜೀವಕ್ಕೆ ಹೇಗಾಗಬೇಡ?

ಮೈಸೂರಿನ ನಾಯಿ ಪಾರ್ಲರಿಗೆ ಫೋನ್ ಮಾಡಿದೆ. ಒಂದು ವಾರ ಬಿಟ್ಟು ಬನ್ನಿ ಎಂದರು. ಅಷ್ಟು ದಿನ ಕಾಯುವ ತಾಳ್ಮೆ ಯಾರಿಗಿದೆ? ಗುಂಡನನ್ನು ಎತ್ತಿಕೊಂಡು ಸೀದಾ ಸಿದ್ದಣ್ಣನ ಸಲೂನಿಗೆ ಹೋದೆ. ಇಪ್ಪತ್ತು ವರ್ಷದಿಂದ ನನ್ನ ತಲೆ ನೋಡಿಕೊಳ್ಳುತ್ತಿರುವವನು ಅವನೇ.

“ನಾಯ್ಗೆ ಮಾಡಿಲ್ಲ ಸಾ. ಆದ್ರೂ ಮಿಷನ್ನಿಗೇನ್ ಗೊತ್ತಾಯ್ತದೆ, ಬುಡಿ,” ಎಂದ ಸಿದ್ದಣ್ಣ. ಬಿಳಿ ಬಟ್ಟೆ ಹೊದಿಸಿದ. ಕುರ್ಚಿಯ ಮೇಲೆ ಹಲಗೆ ಇಟ್ಟು ಕೂರಿಸಿದ. ಆಮೇಲೆ ಗಂಭೀರವಾಗಿ ಕೇಳಿದ, “ಮೀಡಿಯಮ್ಮಾ, ಮಿಲ್ಟ್ರಿಯಾ?”

“ಸಮ್ಮರ್ ಕಟ್,” ಎಂದೆ. ಎಲ್ಲೋ ಕೇಳಿದ್ದ ಪದ.

ಅರ್ಧ ಗಂಟೆಯಲ್ಲಿ ನೆಲದ ಮೇಲೆ ಒಂದು ಗುಂಡ, ಕುರ್ಚಿಯ ಮೇಲೆ ಇನ್ನೊಂದು. ನೆಲದ ಮೇಲಿದ್ದುದೇ ದೊಡ್ಡದು. ಕುರ್ಚಿಯ ಮೇಲೆ ಗುಲಾಬಿ ಬಣ್ಣದ, ಸಣ್ಣ ಕತ್ತಿನ, ನಾನೆಂದೂ ನೋಡಿರದ ಪ್ರಾಣಿಯೊಂದು ಕೂತಿತ್ತು. ಬಾಲದ ತುದಿಗೆ ಮಾತ್ರ ಒಂದು ಕುಚ್ಚು ಬಿಟ್ಟಿದ್ದ. “ಸೋಕಿಗ್ ಇರ್ಲಿ ಸಾ.” ಗುಂಡ ಕನ್ನಡಿಯಲ್ಲಿ ತನ್ನನ್ನು ನೋಡಿ ಬೊಗಳಿದ.

ಭಾನುವಾರ ಅವ್ವ ಬಂದಳು. ಗುಂಡ ಬಾಲದ ಕುಚ್ಚು ಅಲ್ಲಾಡಿಸುತ್ತ ಓಡಿದ. ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು.

“ಯಾವ್ ನಾಯ್ಲಾ ಇದು? ನಮ್ ಗುಂಡ ಎಲ್ಲಿ?”

“ಇದೇ ಕಣವ್ವ. ಕಟಿಂಗ್ ಮಾಡ್ಸಿದೀನಿ.”

“ಸುಳ್ಳೇಳ್ಬ್ಯಾಡ. ಕಳಕಬುಟ್ಟು ಯಾವ್ದೋ ಅಳಿಲ್ ತಂದಿದ್ದೀಯ. ಗುಂಡ ಬರೋಗಂಟ ನಾನ್ ಉಣ್ಣಕಿಲ್ಲ.”

ಜಗಲಿಯ ಮೇಲೆ ಕೂತೇಬಿಟ್ಟಳು. ಅವ್ವ ನಿಜವಾಗಿಯೂ ಅಳುತ್ತಿದ್ದಳು. ನನಗೆ ನಗು ಬರುತ್ತಿದ್ದುದು ಅಲ್ಲಿಗೆ ನಿಂತಿತು. ಗುಂಡ ಹೋಗಿ ಮಂಚದ ಕೆಳಗೆ ಸೇರಿಕೊಂಡ.

ಬೀದಿಯವರು ಬಂದರು. ಪಕ್ಕದ ಮನೆಯ ಮೇಷ್ಟ್ರು ನನ್ನ ಮೊಬೈಲಿನಲ್ಲಿದ್ದ ಹಳೆಯ ಫೋಟೋ ನೋಡಿ, ಬಗ್ಗಿ ಮಂಚದ ಕೆಳಗೂ ನೋಡಿ, “ಮೂಗು ತಾಳೆಯಾಯ್ತದೆ. ಮಿಕ್ಕಿದ್ದು ಹೇಳಕ್ಕಾಗಕಿಲ್ಲ,” ಎಂದರು. ಯಾರೋ ಹೆಸರು ಹಿಡಿದು ಕರೆಯಿರಿ ಎಂದರು. ಬಿಸ್ಕತ್ತು ಹಿಡಿದು “ಗುಂಡ” ಎಂದೆ, ಬಂತು. ಮೇಷ್ಟ್ರು ಬಿಸ್ಕತ್ತು ಹಿಡಿದು “ಟೈಗರ್” ಎಂದರು, ಅದಕ್ಕೂ ಬಂತು, ತಿಂದು ಮತ್ತೆ ಮಂಚದ ಕೆಳಗೆ ಸೇರಿತು. ನನ್ನ ಕೇಸು ಅಲ್ಲಿಗೆ ಬಿದ್ದುಹೋಯಿತು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಹೆಂಡತಿ ಇಟ್ಟಿದ್ದ ಕುಕ್ಕರ್ ವಿಶಲ್ ಹೊಡೆಯಿತು. ಮಂಚದ ಕೆಳಗಿಂದ ಉದ್ದನೆಯ ಊಳು ಎದ್ದಿತು, ವಿಶಲ್‌ನದೇ ಶ್ರುತಿಯಲ್ಲಿ. ಕುಕ್ಕರ್ ಕೂಗಿದಾಗೆಲ್ಲ ಜೊತೆಗೆ ಕೂಗುವ ಚಾಳಿ ಈ ಭೂಮಿಯ ಮೇಲೆ ಒಂದೇ ನಾಯಿಗಿದೆ. ಅವ್ವ ಎದ್ದಳು. ಮಂಚದ ಕೆಳಗೆ ಕೈ ಹಾಕಿ ಎಳೆದು ಎದೆಗೊತ್ತಿಕೊಂಡಳು.

“ನಮ್ ಗುಂಡನೇ,” ಎಂದವಳು ನನ್ನತ್ತ ತಿರುಗಿದಳು. “ಏನ್ಲಾ ಮಾಡ್ಬುಟ್ಟೆ ಇದ್ಕೆ?”

ಅದೇ ಪ್ರಶ್ನೆಯನ್ನು ಮರುದಿನ ಪಶು ಆಸ್ಪತ್ರೆಯ ಡಾಕ್ಟರಮ್ಮ ಇನ್ನೂ ಸಭ್ಯವಾಗಿ ಕೇಳಿದರು. ಗುಂಡನ ಬೆನ್ನು ಬಿಸಿಲಿಗೆ ಕೆಂಪಾಗಿತ್ತು. “ಸಾರ್, ಇದರದ್ದು ಎರಡು ಪದರದ ಕೂದಲು. ಒಳಗೆ ಹತ್ತಿ ಥರ, ಮೇಲೆ ಉದ್ದಕ್ಕೆ. ಮೇಲಿನದು ಬಿಸಿಲು ತಡೆಯುತ್ತೆ. ಬಾಚಿ ಬಾಚಿ ಒಳಗೆ ಉದುರಿದ್ದನ್ನ ತೆಗೀಬೇಕು ಅಷ್ಟೆ. ಬೋಳಿಸಬಾರದು.” ಪೂಡಲ್ ಥರದವಕ್ಕೆ ನಮ್ಮ ತಲೆಯಂತೆ ಕೂದಲು ಬೆಳೆಯುತ್ತಲೇ ಇರುತ್ತದಂತೆ, ಕತ್ತರಿಸಲೇಬೇಕಂತೆ. ಬೀದಿನಾಯಿಯ ಗಿಡ್ಡ ಕೂದಲಿಗೆ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕಂತೆ. ಗುಂಡನದು ಮತ್ತೆ ಬರಲು ತಿಂಗಳುಗಳೇ ಬೇಕು, ಮೊದಲಿನ ಹಾಗೇ ಬರುತ್ತದೆಂಬ ಗ್ಯಾರಂಟಿಯೂ ಇಲ್ಲ.

“ಅಲ್ಲಿವರೆಗೆ ಬಿಸಿಲಿಗೆ ಬಿಡಬೇಡಿ. ತೆಳುವಾದ ಕಾಟನ್ ಬಟ್ಟೆ ಏನಾದ್ರೂ ಹಾಕಿ,” ಎಂದರು.

ಅಂದರೆ, ಸೆಕೆಗೆಂದು ಕೂದಲು ತೆಗೆಸಿದ ನಾಯಿ ಈಗ ಬಿಸಿಲಿಗೆಂದು ಅಂಗಿ ತೊಟ್ಟಿದೆ. ಅವ್ವನ ಬ್ಲೌಸ್ ಪೀಸಿನಲ್ಲಿ ಹೊಲಿದದ್ದು, ಹಸಿರು ಹೂವಿನ ಡಿಸೈನು.

ಸಿದ್ದಣ್ಣನಿಗೆ ವಿಷಯ ತಿಳಿಸಿಬರಲು ಹೋದೆ. ಸಂತೆಬಾಚಹಳ್ಳಿಯಿಂದ ಯಾರೋ ತಮ್ಮ ನಾಯಿ ಕರೆದುಕೊಂಡು ಬರುತ್ತೇವೆಂದು ಅವನಿಗೆ ಹೇಳಿಹೋಗಿದ್ದರಂತೆ. ಪದರದ ಪಾಠ ಒಪ್ಪಿಸಿದೆ. ಶ್ರದ್ಧೆಯಿಂದ ಕೇಳಿದ, ನನ್ನ ತಲೆಯ ಮೇಲೆ ಕೈಯಾಡಿಸಿದ. “ನಿಮ್ದು ಒಂದೇ ಪದ್ರ ಸಾ. ಅದೂ ಮುಗೀತಾ ಬಂತು.”

ಈಗ ಸಂಜೆಯಾದರೆ ಅವ್ವ ಗುಂಡನನ್ನು ತೊಡೆಯ ಮೇಲೆ ಹಾಕಿಕೊಂಡು, ಇಲ್ಲದ ಕೂದಲನ್ನು ಮೆಲ್ಲಗೆ ಬಾಚುತ್ತಾಳೆ. ನನ್ನೊಡನೆ ಮಾತು ಕಡಿಮೆ. ಗುಂಡನದೂ ಅಷ್ಟೆ. ಸೆಕೆ ಎಂದು ಅವನು ನನಗೆ ಯಾವತ್ತೂ ಹೇಳಿರಲಿಲ್ಲ.

ಅಲ್ಲ, ಸೆಕೆಯಾಗಿದ್ದು ನನಗೆ ತಾನೇ?